ಗಾಳಿ ಬೀಸುವುದು ಯಾಕೆ?

ಮನೆಯಿಂದ,
ಭಾನುವಾರ, ಮಾರ್ಚ್ ೯

ನನ್ನ ಚಿನ್ನು,

ಹೇಗಿದ್ದೀಯ? ನರ್ಸಿಂಗ್ ತರಬೇತಿಯಲ್ಲಿ ದಿನವಿಡೀ ನಿಂತೇ ಇರಬೇಕು ಅಂದಿದ್ದೆ, ಕಾಲುನೋವು ಕಡಿಮೆಯಾಯಿತೇ? ಊರವರಿಗೆಲ್ಲ ಔಷಧಿ ಕೊಡುವ ಭರದಲ್ಲಿ ನಿನ್ನ ಹೊಟ್ಟೆ ಮರೆಯಬೇಡ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಪ್ಪನಿಗೆ ಓಡಿಸಲು ಹೊಸ ಬಸ್ಸು ಕೊಟ್ಟಿದ್ದಾರೆ. ಮಗು ಹುಟ್ಟಿದವರ ಹಾಗೆ ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ.

ನನ್ನ ಓದಿನ ಸುದ್ದಿ ಕೇಳಬೇಡ, ಆದರೂ ಹೇಳುತ್ತೇನೆ. ಈ ವಯಸ್ಸಿನಲ್ಲಿ ಯೂನಿವರ್ಸಿಟಿ ಸೇರಿದವಳಿಗೆ ಹೇಗೆ ಓದಬೇಕು ಅನ್ನುವುದೇ ತಿಳಿಯುತ್ತಿಲ್ಲ. ಹವಾಮಾನದ ಪೇಪರು ಎರಡು ಸಲ ಕೈಕೊಟ್ಟಿತು. ಇದು ಕೊನೆಯ ಅವಕಾಶ. ಈ ಸಲವೂ ಹೋದರೆ ನನ್ನ ಹೆಸರು ತೆಗೆದುಹಾಕುತ್ತಾರೆ. ಎರಡು ಸಲವೂ ಅಧ್ಯಾಯ ಪೂರ್ತಿ ಬಾಯಿಪಾಠ ಮಾಡಿ, ಒಂದಕ್ಷರ ಬಿಡದೆ ಬರೆದು ಬಂದಿದ್ದೆ. ಮೇಡಂ ಉತ್ತರಪತ್ರಿಕೆ ತಿರುವಿ, "ಎಲ್ಲಾ ಬರ್ದಿದ್ದೀರಿ, ಕೇಳಿದ್ದೊಂದು ಬಿಟ್ಟು" ಅಂದರು. ಎಲ್ಲವನ್ನೂ ಬರೆದಮೇಲೆ ಅದೊಂದು ಹೇಗೆ ಬಿಟ್ಟುಹೋಯಿತೋ ನನಗಿನ್ನೂ ಅರ್ಥವಾಗಿಲ್ಲ.

ಮುಂದಿನ ಬೆಂಚಿನ ಹುಡುಗಿ, ನಿನಗಿಂತ ಚಿಕ್ಕವಳು, "ಮುಖ್ಯವಾದ ಸಾಲಿಗೆ ಮಾತ್ರ ಹಳದಿ ಬಣ್ಣ ಹಚ್ಚಿ ಆಂಟಿ" ಅಂದಳು. ಬೇಡದ ಸಾಲನ್ನು ಪುಸ್ತಕದಲ್ಲಿ ಯಾರಾದರೂ ಯಾಕೆ ಬರೆದಾರು? ಒಂದಕ್ಕೆ ಹಚ್ಚಿ ಇನ್ನೊಂದನ್ನು ಬಿಡಲು ಮನಸ್ಸು ಬರಲಿಲ್ಲ. ಈಗ ಪುಸ್ತಕ ಪೂರ್ತಿ ಹಳದಿ. ಇನ್ನೊಬ್ಬಳು, ಅರ್ಧ ಗಂಟೆ ಓದಿ ಐದು ನಿಮಿಷ ಸುಧಾರಿಸಿಕೊಳ್ಳಿ ಅಂದಳು. ಆ ಐದು ನಿಮಿಷದಲ್ಲಿ ಬಟ್ಟೆ ಮಡಿಸಿದೆ, ಪಾತ್ರೆ ತೊಳೆದೆ, ಬಚ್ಚಲು ಉಜ್ಜಿದೆ. ಮನೆ ಫಳಫಳ, ತಲೆ ಖಾಲಿ. ಲೈಬ್ರರಿಗೂ ಹೋದೆ. ಎಲ್ಲರೂ ತುಟಿ ಅಲ್ಲಾಡಿಸದೆ ಓದುವುದನ್ನು ಬೆರಗಾಗಿ ನೋಡುತ್ತ ಕೂತು, ಬಾಗಿಲು ಹಾಕುವ ಹೊತ್ತಿಗೆ ಎದ್ದು ಬಂದೆ.

ನಿನ್ನೆ ಮಾತ್ರ ಒಂದು ವಿಚಿತ್ರ ನಡೆಯಿತು. ನಾನು ಗಟ್ಟಿಯಾಗಿ ಓದುತ್ತಿದ್ದೆ. ಫ್ಯಾನ್ ಒರೆಸುತ್ತಿದ್ದ ನಿನ್ನಪ್ಪ ಸ್ಟೂಲಿನ ಮೇಲಿಂದಲೇ, "ಅಲ್ವೇ, ಹಗಲೊತ್ತು ಗಾಳಿ ಸಮುದ್ರದಿಂದ ನೆಲಕ್ಕೇ ಯಾಕೆ ಬರ್ಬೇಕು? ಅದಕ್ಕೇನು ಕೆಲ್ಸ ಇಲ್ಲಿ?" ಅಂದರು. ಬಾಯಿಪಾಠ ಒಪ್ಪಿಸಿದೆ. "ಒಂದೂ ತಿಳೀಲಿಲ್ಲ" ಅಂದರು. ಸಿಟ್ಟು ಬಂದು ಪುಸ್ತಕ ಮುಚ್ಚಿದೆ. ನೆಲ ಬೇಗ ಕಾಯುತ್ತದೆ, ಬಿಸಿಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ನೀರಿನ ಕಡೆಯ ತಂಪುಗಾಳಿ ನುಗ್ಗುತ್ತದೆ ಅಂತ ಜೋರುಮಾಡಿ ಹೇಳುತ್ತಾ ಹೇಳುತ್ತಾ ನನಗೇ ಅರ್ಥವಾಗಿಬಿಟ್ಟಿತು! ಇದಕ್ಕೆ ಓದು ಅನ್ನಬೇಕೋ ಜಗಳ ಅನ್ನಬೇಕೋ, ನೀನೇ ಹೇಳು.

ಪರೀಕ್ಷೆಗೆ ಇನ್ನೂ ಎರಡು ವಾರವಿದೆ. ನೀನು ಚಿಂತೆ ಹಚ್ಚಿಕೊಳ್ಳಬೇಡ, ಫೋನೂ ಬೇಡ, ನಿನ್ನ ಕೆಲಸವೇ ನಿನಗೆ ಸಾಕಷ್ಟಿದೆ. ನಿನ್ನ ರೂಮಿನ ಗೆಳತಿಗೆ ಕೇಳಿದೆನೆಂದು ಹೇಳು. ನಗುನಗುತ್ತಾ ಇರು ಮಗಳೇ.

ನಿನ್ನ,
ಅಮ್ಮ

ತಾ.ಕ.: ಫೋನ್ ಬೇಡ ಅಂದದ್ದು ಸುಳ್ಳು. ನಾಳೆಯಿಂದ ನಿನ್ನಪ್ಪನಿಗೆ ದೂರದೂರಿನ ಡ್ಯೂಟಿ; ಮನೆಯಲ್ಲಿ ಪ್ರಶ್ನೆ ಕೇಳುವವರೇ ಇರುವುದಿಲ್ಲ. ಬಿಡುವಾದಾಗ ಮಾಡು. ಊಟ ಆಯಿತೇ ಅನ್ನಬೇಡ, ಮಳೆ ಯಾಕೆ, ಮಂಜು ಯಾಕೆ ಅಂತ ಕೇಳು. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನು, ದಾಕ್ಷಿಣ್ಯ ಬೇಡ. ನಾನು ನಾಪಾಸಾದರೆ ನೀವಿಬ್ಬರೂ "ಹೋಗ್ಲಿ ಬಿಡು" ಅಂತೀರಿ, ಅಕ್ಕರೆಯಿಂದಲೇ ಅಂತೀರಿ. ನನಗೆ ಭಯವಿರುವುದು ಅದೊಂದರದ್ದೇ. ಹಾಗೆ ಅನ್ನಬೇಡ ಕಣೇ. ನನಗೆ ಇದು ತುಂಬಾ ಬೇಕು.