ಪಡುವಣ ಗೋಡೆಯ ಬಾಗಿಲು

ಕಲಘಟಗಿ ತಾಲೂಕು
೨೪ ಆಗಸ್ಟ್ ೧೯೮೬

ನಮ್ಮ ಪ್ರೌಢಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರಾದ ಹೊಳೆಪ್ಪನವರಿಗೆ ನಮಸ್ಕಾರ.

ಆಗಸ್ಟ್ ನಾಲ್ಕರ ಪಾಲಕರ ಸಭೆಯಲ್ಲಿ ನೀವು, ಶಾಲೆಯ ದನದ ಕೊಟ್ಟಿಗೆ ಬಿದ್ದದ್ದಕ್ಕೆ ಹತ್ತನೆಯ ತರಗತಿಯ ತಾಯವ್ವನ ನಕ್ಷೆಯೇ ಕಾರಣವೆಂದಿರಿ. ಅದು ಸುಳ್ಳು.

ನಾನು ಕಟ್ಟಡ ಕೆಲಸ ಕಲಿಸುವ ಮಕ್ಕಳು ಆಕೆಯ ನಕ್ಷೆಯಂತೆ ಕೊಟ್ಟಿಗೆಯ ಪಡುವಣ ಗೋಡೆಯನ್ನು ಒಂದು ಕಿಂಡಿಯೂ ಇಲ್ಲದಂತೆ ಕಟ್ಟಿದ್ದರು. ಜೂನ್ ಮೊದಲ ವಾರ ನೀವೇ ಅದನ್ನು ಒಡೆಸಿ ಬಾಗಿಲಿಡಿಸಿದಿರಿ.

"ಮಾಸ್ತರ, ಉದ್ಘಾಟನಾಕ್ಕ ಸಾಹೇಬ್ರು ಬರ್ತಾರ. ರಸ್ತಾದಿಂದ ಬಾಗಲಾ ಕಾಣಬೇಕ್ರಿ," ಎಂದಿರಿ.

"ಮಳಿ ಅತ್ತಾಗಿಂದನ ಹೊಡಿತೈತ್ರಿ ಕಾಕಾ," ಎಂದಳು ತಾಯವ್ವ.

"ದನಾ ನಿನ್ನ ಕಡೆ ಛತ್ರಿ ಕೇಳ್ಯಾವೇನಬೇ?" ಎಂದು ನಕ್ಕಿರಿ.

ಜುಲೈ ಮಳೆ ಆ ಬಾಗಿಲಿನಿಂದಲೇ ನುಗ್ಗಿ ಮಣ್ಣಿನ ಗೋಡೆಗಳ ಬುಡ ನೆನೆಸಿತು. ಸಭೆಯ ಮರುದಿನ ತಾಯವ್ವನ ತಂದೆ ಆಕೆಯನ್ನು ಶಾಲೆ ಬಿಡಿಸಿ ಹೊಲದಲ್ಲಿ ಕಳೆ ತೆಗೆಯಲು ಹಚ್ಚಿದ್ದಾನೆ. ಉಳಿದ ಮಕ್ಕಳೂ ನನ್ನ ತರಗತಿಗೆ ಬರುತ್ತಿಲ್ಲ. ಶನಿವಾರ ನಾನೊಬ್ಬನೇ ಗುದ್ದಲಿ, ಕರಣಿಗಳನ್ನು ಒರೆಸಿಟ್ಟು, ಗಂಟೆ ಬಾರಿಸುವವರೆಗೆ ಕೂತಿರುತ್ತೇನೆ.

೧೯೫೮ರಲ್ಲಿ ನೀವು ನನ್ನ ವಿದ್ಯಾರ್ಥಿ. ಅಂದು ಕಿಟಕಿಯ ಗಾಜು ಒಡೆದವರು ನೀವು, ಏಟು ತಿಂದವನು ನಿಮ್ಮ ತರಗತಿಯ ಗುಡದಪ್ಪ. ನಾನು ಮರೆತಿಲ್ಲ.

ಜಂತಿ, ಹಂಚು ಇನ್ನೂ ಗಟ್ಟಿಯಾಗಿವೆ. ಬಿದ್ದ ಮಣ್ಣಿನಲ್ಲೇ ಗೋಡೆ ಮತ್ತೆ ಏರಿಸಬಹುದು. ಆದರೆ ನಕ್ಷೆ ಹಾಕಿದವಳು ಬೇಕು.

ನಾಡಿದ್ದು ಪ್ರಾರ್ಥನೆಯ ಹೊತ್ತಿಗೆ ಶಾಲೆಗೆ ಬನ್ನಿ. ತಾಯವ್ವನನ್ನೂ ಆಕೆಯ ತಂದೆಯನ್ನೂ ನಾನು ಕರೆತರುತ್ತೇನೆ. ಆ ಗೋಡೆಯನ್ನು ಒಡೆಸಿದವರು ಯಾರೆಂದು ಎಲ್ಲ ಮಕ್ಕಳೆದುರು ನಿಮ್ಮ ಬಾಯಿಂದಲೇ ಹೇಳಿ.

ನಿಮ್ಮ ಹಳೆಯ ಮಾಸ್ತರ,
ಲಕ್ಷ್ಮಣಪ್ಪ