ಖಾಲಿ ಕುರ್ಚಿ

ಜುಲೈ ೧೪, ಮಂಗಳವಾರ

ಓಣಿ ಇವತ್ತು ಸತ್ತ ಹಾಗಿದೆ. ನನಗೆ ಬೇಕಿದ್ದುದು ಇದೇ ತಾನೇ? ಸೆಕೆಗೆ ಈ ಸ್ಪೇನಿನ ಜನ ರಾತ್ರಿಯೆಲ್ಲ ಹೊರಗೆ ಕುರ್ಚಿ ಹಾಕಿಕೊಂಡು ಹರಟುತ್ತಾರೆ, ಮಲಗಲಾಗುತ್ತಿಲ್ಲ ಅಂತ ನಿನ್ನೆ ಪೊಲೀಸರಿಗೆ ಫೋನ್ ಮಾಡಿದ್ದು ನಾನೇ. ನಮ್ಮ ಹಾಲೆಂಡಿನಲ್ಲಾದರೆ ಹೀಗೆ ದೂರು ಕೊಡುವುದು ತಪ್ಪೇ ಅಲ್ಲ.

ಬೆಳಿಗ್ಗೆ ಎದುರುಮನೆ ರೆಮೆಡಿಯೋಸ್ ಅಂಜೂರ ತಂದಳು.

"ಯಾರೋ ದೂರು ಕೊಟ್ಟಿದ್ದಾರೆ ಕಣೇ ಮಾರ್ಗ್ರೀಟ್. ಆ ಮೂಲೆಮನೆ ಜರ್ಮನ್ನನೇ ಇರಬೇಕು, ಮುಖ ನೋಡಿದ್ರೇ ಗೊತ್ತಾಗುತ್ತೆ!"

ಹೂಂ ಅಂದುಬಿಟ್ಟೆ.

"ನಿನಗೂ ಅಂತ ದಿನಾ ಒಂದು ಕುರ್ಚಿ ಹಾಕ್ತಿದ್ವಿ. ಇವತ್ತಲ್ಲ ನಾಳೆ ಬರ್ತಾಳೆ ಅಂತ."

ಆ ಖಾಲಿ ಕುರ್ಚಿಯನ್ನು ಕಿಟಕಿಯಿಂದ ಎಷ್ಟು ಸಲ ನೋಡಿದ್ದೇನೆ! ಅವಳ ಬೆಕ್ಕಿಗೆ ಅಂದುಕೊಂಡಿದ್ದೆ.

ಅಂಜೂರ ಮುಟ್ಟಲೂ ಮನಸ್ಸಾಗುತ್ತಿಲ್ಲ. ನಾಳೆ ಹೋಗಿ ಹೇಳಿಬಿಡಬೇಕು. ಆ ಜರ್ಮನ್ ಅಲ್ಲ ರೆಮೆಡಿಯೋಸ್, ನೀವು ಯಾರಿಗೆ ಕುರ್ಚಿ ಹಾಕ್ತಿದ್ರೋ ಅವಳೇ ದೂರು ಕೊಟ್ಟಿದ್ದು, ಅಂತ.