ದಿನಕ್ಕೊಂದೇ ಮಾತ್ರೆ

ಲೂಯಿಸಿಯಾನಾ
ಅಕ್ಟೋಬರ್ 14, ಮಂಗಳವಾರ

ಪ್ರೀತಿಯ ರೆನೆಲ್,

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ನಿನ್ನೆ ಆಸ್ಪತ್ರೆಯಿಂದ ಬಂದರು. ಎಡಗಾಲು ಈಗ ಮೊಣಕಾಲಿನ ಕೆಳಗೆ ಇಲ್ಲ. ಬಂದವರೇ ಅಡುಗೆಮನೆಯಲ್ಲಿ ಕೂತು ಸೀಗಡಿ ಸುಲಿದರು. "ಇನ್ಮೇಲೆ ಶನಿವಾರ ಡಾನ್ಸಿಗೆ ಬಾ ಅಂತ ಪೀಡಿಸ್ಬೇಡ ಕಣೇ ಓಡೀಲ್, ನಂಗೆ ನೆಪ ಸಿಕ್ತು" ಎಂದರು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ.

ನೀನು ಕಳಿಸಿದ ದೂರಿನ ಪ್ರತಿಯನ್ನು ಎರಡು ಸಲ ಓದಿದೆ. ಕಾಲಿನ ಹುಣ್ಣಿಗೆ ಡಾಕ್ಟರು ದಿನಕ್ಕೆ ನಾಲ್ಕು ಮಾತ್ರೆ ಬರೆದಿದ್ದರು, ಔಷಧಿ ಅಂಗಡಿಯ ಲಿಯೆನ್ ಡಾಕ್ಟರಿಗೆ ಫೋನ್ ಮಾಡಿ ಅದನ್ನು ಒಂದಕ್ಕೆ ಇಳಿಸಿದಳು, ಕಾಲು ಹೋಗಿದ್ದು ಅದರಿಂದಲೇ, ಅವಳ ಪರವಾನಗಿ ರದ್ದಾಗಬೇಕು ಎಂದು ಬರೆದಿದ್ದೀಯೆ. ಕರ್ಟಿಸ್ ಬೆರಳು ಕುಯ್ದುಕೊಂಡಾಗ ಇದೇ ಮಾತ್ರೆ ದಿನಕ್ಕೆ ನಾಲ್ಕು ಕೊಟ್ಟಿದ್ದರು ಎಂದೂ ಸೇರಿಸಿದ್ದೀಯೆ.

ನಿನ್ನ ಗಂಡನ ಕಿಡ್ನಿ ಸರಿಯಿದೆ, ರೆನೆಲ್. ಅಪ್ಪನದು ಕೆಟ್ಟುಹೋಗಿದೆ. ಲಿಯೆನ್ ಅಂದು ಕೌಂಟರಿನ ಈಚೆಗೆ ಬಂದು ನನಗೆ ಬಿಡಿಸಿ ಹೇಳಿದ್ದಳು: "ನೀವು ನಾಲ್ಕು ನುಂಗಿದ್ರೂ ಮೂತ್ರದಲ್ಲಿ ಹೋಗ್ತಾ ಇರುತ್ತೆ, ಮಿಸ್ ಓಡೀಲ್. ಮಿಸ್ಟರ್ ಅಲ್ಸೀಡ್‌ಗೆ ಅದು ಹೋಗೋ ದಾರಿನೇ ಮುಚ್ಚಿದೆ. ಒಂದು ಕರಗೋಕೆ ಮುಂಚೆ ಇನ್ನೊಂದು ಸೇರ್ಕೊಂಡು ತಲೆಗೇರುತ್ತೆ." ನೆರೆಯ ಯುಲಿಸ್ ಮೂರು ದಿನ ಗೋಡೆಯ ಜೊತೆ ಮಾತಾಡಿದ್ದು ನಿನಗೆ ನೆನಪಿರಬೇಕು. ಅವನ ಕಿಡ್ನಿಯೂ ಹೀಗೇ ಇತ್ತು. ಮಗಳಿಗೆ ಕೊಟ್ಟ ಇದೇ ಮಾತ್ರೆ ಉಳಿದಿದ್ದವೆಂದು ನಾಲ್ಕು ನಾಲ್ಕು ನುಂಗಿದ್ದ. ಹಾಗಾಗಿ ಒಂದೇ ಸರಿ. ಅಷ್ಟರಲ್ಲೇ ಅಪ್ಪನಿಗೆ ಸಾಕಾಗಬೇಕಿತ್ತು.

ಲಿಯೆನ್ ಶನಿವಾರ ಅಕ್ಕಿ ಗಂಜಿ ಹಿಡಿದು ಆಸ್ಪತ್ರೆಗೆ ಬಂದಿದ್ದಳು. ಅಪ್ಪ ಅವಳನ್ನು ರೇಗಿಸಿದರು: "ನಿಮ್ಮಪ್ಪನಷ್ಟು ದಡ್ಡ ಮೀನುಗಾರ ಈ ಕಾಲುವೇಲೇ ಇಲ್ಲ. ನೀನು ಯಾರ ಬುದ್ಧಿ ತಗೊಂಡು ಹುಟ್ಟಿದ್ಯೋ." ಅವಳು ನಕ್ಕಳು. ಆಮೇಲೆ ನನ್ನನ್ನು ಹೊರಗೆ ಕರೆದು ಒಂದು ಪ್ರಶ್ನೆ ಕೇಳಿದಳು. ಉತ್ತರ ಹೇಳಿದೆ. "ಹಾಗಾದ್ರೆ ನಾನೇ ಎಲ್ಲೋ ತಪ್ಪಿದೀನಿ" ಎಂದಳು. ಅಂದಿನಿಂದ ಅಂಗಡಿಗೆ ಬಂದಿಲ್ಲವಂತೆ.

ಶುಕ್ರವಾರ ದೂರು ಕಳಿಸುತ್ತೇನೆ ಎಂದಿದ್ದೀಯೆ. ಕಳಿಸಬೇಡ.

ನಾಳೆ ಡಯಾಲಿಸಿಸ್ ದಿನ. ನಾಲ್ಕಕ್ಕೆ ಎದ್ದು ಕಾಫಿ ಮಾಡಬೇಕು. ಗಾಲಿಕುರ್ಚಿ ಟ್ರಕ್ಕಿನಲ್ಲಿ ಹಿಡಿಸುತ್ತದೆ, ಅಳತೆ ನೋಡಿದ್ದೇನೆ.

ನಿನ್ನ ಅಮ್ಮ,
ಓಡೀಲ್

ಮರೆತ ಮಾತು: ಲಕೋಟೆಯಲ್ಲಿ ಮಾತ್ರೆಯ ಖಾಲಿ ಡಬ್ಬಿಯನ್ನೂ ಇಟ್ಟಿದ್ದೇನೆ. ಅದರ ಮೇಲಿನ ಹಳದಿ ಚೀಟಿಯಲ್ಲಿ ಲಿಯೆನ್ ಕೈಯಾರೆ ಬರೆದಿದ್ದಾಳೆ, ನೋಡು: "ಡಯಾಲಿಸಿಸ್ ದಿನ, ಅದು ಮುಗಿದ ಮೇಲೆ." ಕಸ ಯಾವುದು, ಔಷಧ ಯಾವುದು ಎಂದು ಮಶೀನಿಗೆ ಗೊತ್ತಾಗುವುದಿಲ್ಲ, ರಕ್ತದಿಂದ ಎರಡನ್ನೂ ತೊಳೆದು ಹಾಕುತ್ತದೆ ಎಂದು ಬಾಯಿಬಿಟ್ಟೂ ಹೇಳಿದ್ದಳು. ಆದರೆ ಅಪ್ಪ ಅಲ್ಲಿಂದ ಬಂದವರೇ ಕುರ್ಚಿಯಲ್ಲಿ ಮಲಗಿಬಿಡುತ್ತಾರೆ, ಬೆಳಗಿನವರೆಗೂ ಏಳುವುದಿಲ್ಲ. ಎಬ್ಬಿಸಲು ನನಗೆ ಮನಸ್ಸು ಬರಲಿಲ್ಲ. ಮೊದಲೇನು, ಆಮೇಲೇನು, ಹೊಟ್ಟೆಗೆ ಹೋದರಾಯಿತು ಎಂದುಕೊಂಡೆ. ಮೂರು ವಾರದಲ್ಲಿ ಒಂಬತ್ತು ಡಯಾಲಿಸಿಸ್. ಒಂಬತ್ತು ದಿನವೂ ಹೊರಡುವ ಮುಂಚೆ, ಬೆಳಗಿನ ಕಾಫಿಯ ಜೊತೆ ಕೊಟ್ಟೆ. ಯಾವಾಗ ಕೊಡುತ್ತಿದ್ದಿರಿ ಎಂದು ಲಿಯೆನ್ ಕೇಳಿದಾಗ, ಮುಗಿದ ಮೇಲೆ ಎಂದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ದೂರು ಕಳಿಸಲೇಬೇಕು ಅನ್ನಿಸಿದರೆ ಕಳಿಸು. ಲಿಯೆನ್ ಹೆಸರು ಇರುವಲ್ಲಿ ನನ್ನ ಹೆಸರು ಬರೆ.